ಡಚ್ಚರ ರೊಕ್ಕ, ಡೋಣಿ ಸಾಲಿನ ಸಂಘ

1989ರಲ್ಲಿ ವಿಜಾಪುರ ಜಿಲ್ಲೆ ಈಗಿನಷ್ಟು ಚಿಕ್ಕದಾಗಿರಲಿಲ್ಲ. ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳಗಳೂ ಅದರೊಳಗೇ ಇದ್ದವು. ಒಟ್ಟು ಹನ್ನೊಂದು ತಾಲೂಕು. 1997ರ ಆಗಸ್ಟ್ 15ರಂದು ಆರು ತಾಲೂಕುಗಳು ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಇತ್ತ ಉಳಿದವು ಐದು. ವಿಜಾಪುರ ಪಟ್ಟಣದ ಸುತ್ತಿನ ಸೀಮೆ ಬಿಟ್ಟರೆ ಭೀಮೆಯ ದಂಡೆಗೆ ಇಂಡಿ ಮತ್ತು ಸಿಂದಗಿ, ಕೃಷ್ಣೆಯ ದಂಡೆಗೆ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ. ಎರಡು ದೊಡ್ಡ ನದಿಗಳ ನಡುವೆ ಡೋಣಿ ಹರಿಯುತ್ತದೆ. ಅದರ ಎರಿಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಸೊಂಪಾಗಿ ಬರುತ್ತದೆ, ಮಳೆ ಬಂದ ವರ್ಷ. ಬರದ ವರ್ಷ ಊರಿಗೆ ಊರೇ ದುಡಿಯಲು ಸೊಲ್ಲಾಪುರ, ಪುಣೆ, ಗೋವೆಯ ದಾರಿ ಹಿಡಿಯುತ್ತದೆ. ಹಿಂದೆ ಉಳಿದ ಮನೆಯ ಭಾರ ಹೆಣ್ಣುಮಕ್ಕಳ ಹೆಗಲಿಗೆ.

ಆ ವರ್ಷ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಬೀದರ್, ಮೈಸೂರು ಮತ್ತು ವಿಜಾಪುರ. ಹೆಸರು ಮಹಿಳಾ ಸಮಖ್ಯಾ. ಯೋಜನೆ ಭಾರತ ಸರ್ಕಾರದ್ದು, ಹಣ ನೆದರ್ಲೆಂಡ್ಸ್ ಸರ್ಕಾರದ್ದು, ಹಳ್ಳಿಗೆ ಹೋಗಿ ಕೂತು ಮಾತಾಡಬೇಕಾದವರು ಇದೇ ಸೀಮೆಯ ಹೆಣ್ಣುಮಕ್ಕಳು. ಹಕ್ಕಿನ ಕೆಲಸಕ್ಕೆ ಸರ್ಕಾರಗಳು ಹಣ ಕೊಟ್ಟ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜಿನೀವಾದಿಂದ, ನ್ಯೂಯಾರ್ಕಿನಿಂದ ಹೊರಡುತ್ತಾರೆ. ಡೋಣಿ ಸಾಲಿನಿಂದ ಹೊರಟರೆ ಆ ಚರಿತ್ರೆ ಬೇರೆ ಥರ ಕಾಣುತ್ತದೆ.

ಈ ಸೀಮೆಗೆ ಹಕ್ಕುಗಳು ಮೊದಲು ಬಂದದ್ದು ಕಾಯ್ದೆಯಾಗಿ. 1956ರವರೆಗೆ ವಿಜಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವುದನ್ನು ಅಲ್ಲಿನ ಸರ್ಕಾರ 1934ರಲ್ಲೇ ಕಾನೂನುಬಾಹಿರ ಎಂದು ಸಾರಿತು. ದೇವದಾಸಿಯಾದವಳ ಮದುವೆ ಕಾನೂನಿನ ಕಣ್ಣಿನಲ್ಲಿ ಸರಿಯಾದ ಮದುವೆಯೇ ಎಂದೂ ಆ ಕಾಯ್ದೆ ಹೇಳಿತು. ಕಾಗದದ ಮೇಲೆ ಅದು ದೊಡ್ಡ ಮಾತು. ಆದರೆ ಹಾಗೆ ಬಿಟ್ಟ ಗುರುತಾಗಿ ಮುತ್ತು ಕಟ್ಟುವ ಕೆಲಸ ನಡೆಯುತ್ತಿದ್ದುದು ಪೊಲೀಸರ ಕಣ್ಣೆದುರು ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕಾವಲು ಬಿಗಿಯಾದರೆ ಊರ ಗುಡಿಯಲ್ಲಿ, ಅಲ್ಲಿಯೂ ಭಯವಾದರೆ ಮನೆಯ ಜಗಲಿಯ ಮೇಲೆ. ಹೆಣ್ಣುಮಗು ಹೆಚ್ಚಾಗಿ ಪರಿಶಿಷ್ಟ ಜಾತಿಯ ಕೇರಿಯದು, ಮನೆಯಲ್ಲಿ ಗಂಡುಮಗ ಇಲ್ಲದ್ದು, ಇಲ್ಲವೇ ತಲೆಯಲ್ಲಿ ಜಡೆ ಕಟ್ಟಿದ್ದು. ದೂರು ಕೊಡಬೇಕಾದವರು ಯಾರು? ತಂದೆ ತಾಯಿಯೇ ಕಟ್ಟಿಸಿದವರು, ಕೇರಿಯ ಹಿರಿಯರೇ ಸಾಕ್ಷಿ. ಮುಂದೆ ಕರ್ನಾಟಕ ಸರ್ಕಾರ 1982ರಲ್ಲಿ ತನ್ನದೇ ಕಾಯ್ದೆ ತಂದಿತು, 1984ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸಮರ್ಪಣೆ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಪಾಲಕರೇ ಆಗಿದ್ದರೆ ಎರಡರಿಂದ ಐದು ವರ್ಷ. ಶಿಕ್ಷೆಯ ಅವಧಿ ಹೆಚ್ಚಿತು. ಆದರೆ ದೂರು ಕೊಡುವ ಧೈರ್ಯ ಹಳ್ಳಿಯ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಕಲಂ ಇರಲಿಲ್ಲ.

ಆ ಧೈರ್ಯಕ್ಕೂ ಖರ್ಚಿದೆ. ಹತ್ತು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಒಂದೆಡೆ ಸೇರಬೇಕು, ಸೇರಲು ಜಾಗ ಬೇಕು, ಕಾನೂನು ತಿಳಿದವರು ಬಂದು ಹೇಳಬೇಕು, ತಹಶೀಲ್ದಾರರ ಕಚೇರಿಗೆ ಹೋಗುವ ದಿನ ಕೂಲಿ ತಪ್ಪುತ್ತದೆ, ಬಸ್ಸಿನ ರೊಕ್ಕ ಹತ್ತುತ್ತದೆ. 1980ರ ದಶಕದವರೆಗೆ ಭಾರತದ ಯಾವ ಬಜೆಟ್ಟಿನಲ್ಲೂ ಈ ಖರ್ಚಿಗೆ ಸರಿಯಾದ ಶೀರ್ಷಿಕೆ ಇರಲಿಲ್ಲ. ಹೊಲಿಗೆ ಯಂತ್ರಕ್ಕೆ ಇತ್ತು, ಎಮ್ಮೆ ಸಾಲಕ್ಕೆ ಇತ್ತು.

ಬದಲಾವಣೆ ಹೊರಟದ್ದು ದೆಹಲಿಯಿಂದ. ಸ್ವಾತಂತ್ರ್ಯ ಬಂದು ಇಪ್ಪತ್ತೇಳು ವರ್ಷವಾದ ಮೇಲೂ ಹೆಣ್ಣುಮಕ್ಕಳ ಸ್ಥಿತಿ ಹಲವು ಬಗೆಯಲ್ಲಿ ಕೆಟ್ಟಿದೆ ಎಂದು ಕೇಂದ್ರವೇ ನೇಮಿಸಿದ್ದ ಸಮಿತಿ 1974ರ ವರದಿಯಲ್ಲಿ ಬಿಚ್ಚಿ ಹೇಳಿತ್ತು. ಅದು ಹಚ್ಚಿದ ಚರ್ಚೆ ಹನ್ನೆರಡು ವರ್ಷ ನಡೆದು, 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಹಿಳೆಯರ ಸಮಾನತೆಗಾಗಿ ಶಿಕ್ಷಣ ಎಂಬ ಭಾಗವಾಗಿ ಬಂತು. ಅಕ್ಷರ ಕಲಿಸುವುದಷ್ಟೇ ಅಲ್ಲ, ಹೆಣ್ಣು ತನ್ನ ಬದುಕನ್ನು ತಾನೇ ಪ್ರಶ್ನಿಸುವಂತೆ ಆಗುವುದೇ ಶಿಕ್ಷಣ ಎಂಬ ನಿಲುವು ಅದು. ಆಗ ಶಿಕ್ಷಣ ಇಲಾಖೆಯ ಮುಖ್ಯ ಅಧಿಕಾರಿಯಾಗಿದ್ದ ಅನಿಲ್ ಬೋರ್ಡಿಯಾ ಈ ಸಾಲುಗಳನ್ನು ಯೋಜನೆಯಾಗಿಸಲು ಮಹಿಳಾ ಚಳವಳಿಯವರನ್ನೇ ಕರೆದರು. ವಿಮಲಾ ರಾಮಚಂದ್ರನ್ ರಾಷ್ಟ್ರಮಟ್ಟದ ಮೊದಲ ನಿರ್ದೇಶಕಿಯಾದರು. ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳನ್ನು ಮೊದಲ ಹಂತಕ್ಕೆ ಆರಿಸಿದರು. ಹಣಕ್ಕೆ ನೆದರ್ಲೆಂಡ್ಸ್ ಮುಂದೆ ಬಂತು.

ವಿಜಾಪುರಕ್ಕೆ ಡಚ್ಚರು ಹೊಸಬರೇನೂ ಅಲ್ಲ. ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಕೊರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರನಿದ್ದ. 1637ರಲ್ಲಿ ಯೋಹಾನ್ ವಾನ್ ಟ್ವಿಸ್ಟ್ ಎಂಬ ಡಚ್ ರಾಯಭಾರಿ ಆಗಿನ ಸುಲ್ತಾನನ ದರ್ಬಾರಿಗೆ ಬಂದ. ಅದೇ ಕಾಲಕ್ಕೆ ಆದಿಲಶಾಹಿ ರಾಜ್ಯದ ವೆಂಗುರ್ಲೆಯಲ್ಲಿ ಡಚ್ಚರ ಕೋಠಿ ಎದ್ದಿತು. ಅವರು ಆಗ ಬಂದದ್ದು ಮೆಣಸಿಗಾಗಿ, ಪೋರ್ಚುಗೀಸರ ಮೇಲಿನ ಹಗೆತನಕ್ಕಾಗಿ. ಮೂರೂವರೆ ಶತಮಾನದ ಮೇಲೆ ಅದೇ ದೇಶದ ಹಣ ಆದಿಲಶಾಹಿ ರಾಜಧಾನಿಯ ಸುತ್ತಲಿನ ಕೇರಿಗಳಿಗೆ ಬಂದದ್ದು ಪೂರಾ ಬೇರೆ ಕಾರಣಕ್ಕೆ.

ಆ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಬಡದೇಶಗಳ ನೆರವಿಗೆ ಕೊಡಬೇಕೆಂದು 1970ರಲ್ಲಿ ವಿಶ್ವಸಂಸ್ಥೆ ಗುರಿ ಹಾಕಿತ್ತು. ಅದನ್ನು ಮಾತಿಗೆ ತಪ್ಪದೆ ಮುಟ್ಟಿದ ಕೆಲವೇ ದೇಶಗಳಲ್ಲಿ ನೆದರ್ಲೆಂಡ್ಸ್ ಒಂದು. 1979ರಲ್ಲಿ ಅಲ್ಲಿನ ಸರ್ಕಾರ ಮಾನವ ಹಕ್ಕುಗಳು ತನ್ನ ವಿದೇಶಾಂಗ ನೀತಿಯ ಭಾಗ ಎಂದು ಸಂಸತ್ತಿನ ಮುಂದೆ ಟಿಪ್ಪಣಿ ಇಟ್ಟಿತು. ಅದಕ್ಕೂ ಮುಂಚಿನಿಂದಲೇ ನೋವಿಬ್, ಹಿವೋಸ್‌ನಂಥ ಸ್ವಯಂಸೇವಾ ಸಂಸ್ಥೆಗಳಿಗೆ ಅದು ಖಜಾನೆಯಿಂದ ಹಣ ಕೊಟ್ಟು, ಅವು ಏಷ್ಯಾ ಆಫ್ರಿಕಾಗಳ ಚಿಕ್ಕ ಗುಂಪುಗಳಿಗೆ ಮುಟ್ಟಿಸುವ ಪದ್ಧತಿ ಬೆಳೆಸಿತ್ತು. ಸರ್ಕಾರ ಹಣ ಕೊಡುವುದು, ಆದರೆ ಕೆಲಸ ಹೇಗೆ ನಡೆಯಬೇಕೆಂದು ಸರ್ಕಾರ ಹೇಳದಿರುವುದು: ಈ ಪದ್ಧತಿಯ ಜೀವ ಇಲ್ಲಿತ್ತು.

ಮಹಿಳಾ ಸಮಖ್ಯಾದಲ್ಲಿ ಆ ತತ್ವವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಡಚ್ ಹಣ ಬರುತ್ತಿದ್ದುದು ಕೇಂದ್ರದ ಶಿಕ್ಷಣ ಇಲಾಖೆಗೆ. ಅಲ್ಲಿಂದ ಅದು ರಾಜ್ಯದ ಖಜಾನೆಗೆ ಹೋಗಲಿಲ್ಲ. ಪ್ರತಿ ರಾಜ್ಯದಲ್ಲೂ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸ್ವಾಯತ್ತ ಸಂಸ್ಥೆ ಮಾಡಿ, ನೇರ ಅದಕ್ಕೆ ಬಿಡುಗಡೆ ಮಾಡಿದರು. ಅದರ ಆಡಳಿತ ಸಮಿತಿಯಲ್ಲಿ ಅಧಿಕಾರಿಗಳೂ ಇದ್ದರು, ಮಹಿಳಾ ಚಳವಳಿಯವರೂ ಇದ್ದರು. ಯಾವ ಊರಿಗೆ ಮೊದಲು ಹೋಗಬೇಕು, ಯಾವ ಪ್ರಶ್ನೆ ಎತ್ತಬೇಕು ಎಂಬುದು ಶಾಸಕರ ಶಿಫಾರಸಿನಿಂದಲೋ ಬ್ಲಾಕ್ ಕಚೇರಿಯ ಗುರಿಯಿಂದಲೋ ನಿರ್ಧಾರವಾಗಬಾರದು ಎಂಬುದೇ ಈ ಏರ್ಪಾಡಿನ ಉದ್ದೇಶ. ಮೇಲಿನವರು ಗುರಿ ಹಾಕುವಂತಿಲ್ಲ, ಇಂತಿಷ್ಟು ಸಂಘ ಇಂತಿಷ್ಟು ತಿಂಗಳಲ್ಲಿ ಎಂದು ಕೇಳುವಂತಿಲ್ಲ, ಹಳ್ಳಿಯ ಹೆಣ್ಣುಮಕ್ಕಳು ಹೇಳಿದ ವೇಗದಲ್ಲೇ ಕೆಲಸ. ಸರ್ಕಾರಿ ಯೋಜನೆಯೊಂದು ತನ್ನ ಕೈ ತಾನೇ ಹೀಗೆ ಕಟ್ಟಿಕೊಂಡದ್ದು ನಮ್ಮ ದೇಶದಲ್ಲಿ ಅಪರೂಪ. ಇಂದಿಗೂ ಅಪರೂಪವೇ.

ಕರ್ನಾಟಕದಲ್ಲಿ ಮೊದಲ ರಾಜ್ಯ ನಿರ್ದೇಶಕಿ ಶ್ರೀಲತಾ ಬಾಟ್ಲಿವಾಲಾ. ಜಿಲ್ಲೆಗೊಂದು ಕಚೇರಿ, ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ. ಇಡೀ ಯೋಜನೆ ನಿಂತದ್ದು ಈ ಸಹಯೋಗಿನಿಯ ಮೇಲೆ. ಆಕೆ ನೌಕರಳಲ್ಲ, ಗೌರವಧನ ಪಡೆಯುವವಳು. ಹೆಚ್ಚು ಓದಿರಬೇಕೆಂಬ ನಿಯಮವಿಲ್ಲ, ಹಳ್ಳಿಯ ಮಾತು ಬರಬೇಕು, ಒಬ್ಬಳೇ ಓಡಾಡುವ ಎದೆಗಾರಿಕೆ ಬೇಕು. ಗಂಡ ಬಿಟ್ಟವರು, ವಿಧವೆಯರು, ದಲಿತ ಮನೆಗಳ ಮೊದಲ ತಲೆಮಾರಿನ ಓದಿದ ಹುಡುಗಿಯರು ಈ ಕೆಲಸಕ್ಕೆ ಬಂದರು. ಊರು ಮೊದಲು ನೋಡಿದ್ದು ಅವರನ್ನೇ: ಚೀಲ ಹಾಕಿಕೊಂಡು ಬಸ್ಸಿನಿಂದ ಇಳಿದು, ಗೌಡರ ಮನೆಗೂ ಹೋಗದೆ, ಚಾವಡಿಗೂ ಹೋಗದೆ, ಸೀದಾ ಊರ ಹೊರಗಿನ ಕೇರಿಗೆ ನಡೆದ ಹೆಂಗಸು.

ಕೇರಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಎಲ್ಲ ಕಡೆ ಒಂದೇ. ಏನ್ ಕೊಡ್ತೀರಿ?

ಏನೂ ಕೊಡುವುದಿಲ್ಲ ಎಂಬುದು ಉತ್ತರ. ಸಾಲವಿಲ್ಲ, ಸೀರೆಯಿಲ್ಲ, ಎಮ್ಮೆಯಿಲ್ಲ. ಹಾಗಿದ್ದರೆ ಏಕೆ ಬಂದಿರಿ ಎಂದು ಬೈಸಿಕೊಂಡು ಮರಳಿ ಬಂದವರಿದ್ದಾರೆ, ಮುಂದಿನ ವಾರ ಮತ್ತೆ ಹೋದವರೂ ಅವರೇ. ಕೂಲಿಯಿಂದ ಬಂದು, ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತು. ಸಭೆ ಶುರುವಾಗುತ್ತಿದ್ದುದು ಆಗ. ಮೊದಮೊದಲು ನೀರಿನ ಮಾತು, ರೇಷನ್ ಮಾತು, ಬಾರದ ವಿಧವಾ ವೇತನದ ಮಾತು. ನಂತರ ಕೂಲಿಯ ಮಾತು: ಒಂದೇ ಹೊಲದಲ್ಲಿ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಏಕೆ? ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು, ಕೇರಿಗೆ ಸುದ್ದಿ ಮುಟ್ಟಿರಲಿಲ್ಲ. ಆಮೇಲೆ, ತಿಂಗಳುಗಳು ಕಳೆದು ನಂಬಿಕೆ ಬಲಿತ ಮೇಲೆ, ಹೊಡೆತದ ಮಾತು, ಸಾರಾಯಿಯ ಮಾತು, ಮುತ್ತಿನ ಮಾತು. ಹೊರಗಿನವರ ಭಾಷಣಕ್ಕೆ ಜಗ್ಗದ ಈ ಕಡೆಯ ಹಳ್ಳಿಗಳಲ್ಲಿ ತನ್ನ ಮಗಳಿಗೆ ಮುತ್ತು ಕಟ್ಟಿಸುವುದಿಲ್ಲ ಎಂದು ಒಬ್ಬ ತಾಯಿ ಹತ್ತು ಜನರ ಮುಂದೆ ಹೇಳುವುದೆಂದರೆ ಸಣ್ಣ ಸಂಗತಿಯಲ್ಲ. ಆ ಮಾತು ಆಡಿದವಳ ಬೆನ್ನಿಗೆ ನಿಲ್ಲಲು ಸಂಘವಿತ್ತು. ದೇವಿಯ ಕೋಪಕ್ಕೆ ಅಂಜುವ ಮುದುಕಿಗೂ, ರಾತ್ರಿ ಬಾಗಿಲು ಬಡಿಯುವ ಊರ ದೊಡ್ಡವನಿಗೂ ಉತ್ತರ ಕೊಡಲು ಒಬ್ಬಳ ಗಂಟಲು ಸಾಲುತ್ತಿರಲಿಲ್ಲ.

ಯೋಜನೆಯಲ್ಲಿ ಕಟ್ಟಡಕ್ಕೆ ಹಣವಿದ್ದ ಒಂದೇ ದೊಡ್ಡ ಬಾಬತ್ತು ಸಂಘದ ಮನೆ. ಗಂಡಸರಿಗೆ ಗುಡಿಯ ಕಟ್ಟೆ, ಚಹಾದಂಗಡಿ, ಪಂಚಾಯಿತಿಯ ಚಾವಡಿ ಇವೆ. ಹೆಣ್ಣುಮಕ್ಕಳು ಕೂಡುವುದು ನೀರಿನ ಹತ್ತಿರ, ಅದೂ ಕೊಡ ತುಂಬುವವರೆಗೆ. ಅವರ ಹೆಸರಿನಲ್ಲಿ ಒಂದು ಕೋಣೆ ಇರಬೇಕೆಂದರೆ ಮೊದಲು ಜಾಗ ಬೇಕು, ಜಾಗ ಕೊಡಬೇಕಾದ್ದು ಪಂಚಾಯಿತಿ. ಆ ಜಾಗಕ್ಕಾಗಿ ಅರ್ಜಿ ಹಿಡಿದು ತಿಂಗಳುಗಟ್ಟಲೆ ಓಡಾಡಿದ ಸಂಘಗಳು ಅಷ್ಟರಲ್ಲಿ ಅರ್ಜಿ ಬರೆಯುವುದನ್ನೂ, ಸ್ವೀಕೃತಿ ಕೇಳುವುದನ್ನೂ, ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದನ್ನೂ ಕಲಿತುಬಿಟ್ಟಿದ್ದವು. ಗೋಡೆ ಏಳುವ ಮುಂಚೆಯೇ ಅರ್ಧ ಕೆಲಸ ಆಗಿರುತ್ತಿತ್ತು.

ಕಾಲವೂ ಕೂಡಿ ಬಂತು. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ ಚುನಾವಣೆಗಳಲ್ಲೇ ಮಹಿಳೆಯರಿಗೆ ನಾಲ್ಕನೇ ಒಂದು ಪಾಲು ಮೀಸಲಾಗಿತ್ತು. 73ನೇ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಅದು ಮೂರನೇ ಒಂದಾಯಿತು, ಮುಂದೆ ಅರ್ಧಕ್ಕೇರಿತು. ಸ್ಥಾನ ಮೀಸಲಿಡುವುದು ಒಂದು, ಆ ಕುರ್ಚಿಯಲ್ಲಿ ಹೆಣ್ಣುಮಗಳು ತಾನೇ ಕೂತು ತಾನೇ ಮಾತಾಡುವುದು ಇನ್ನೊಂದು. ಎರಡರ ನಡುವಿನ ಅಂತರವನ್ನು ದಾಟಿಸಿದ್ದು ಇಂಥ ಸಂಘಗಳ ರಾತ್ರಿ ಸಭೆಗಳೇ. ಓದು ಬಿಟ್ಟ ಹುಡುಗಿಯರಿಗಾಗಿ ಮಹಿಳಾ ಶಿಕ್ಷಣ ಕೇಂದ್ರ ಎಂಬ ವಸತಿ ಶಾಲೆಗಳನ್ನೂ ಸಮಖ್ಯಾ ನಡೆಸಿತು. ಅಕ್ಕತಂಗಿಯರು ಅಲ್ಲಿ ಓದಿ ಬಂದ ಮನೆಗಳಲ್ಲಿ ಕಿರಿಯಳ ಮದುವೆಯ ಮಾತು ಕೊಂಚ ತಡವಾಗಿ ಬರುತ್ತಿತ್ತು.

ಮುಂದೆ ಸಂಘಗಳು ತಾಲೂಕು ಮಟ್ಟದಲ್ಲಿ ಒಕ್ಕೂಟಗಳಾದವು. ಅವುಗಳ ಗಮನಾರ್ಹ ಕೂಸು ನಾರಿ ಅದಾಲತ್. 1990ರ ದಶಕದ ನಡುವೆ ಗುಜರಾತಿನ ವಡೋದರಾ, ಉತ್ತರ ಪ್ರದೇಶದ ಸಹಾರನ್‌ಪುರಗಳಲ್ಲಿ ಮೊಳೆತ ಈ ಪದ್ಧತಿ ಕರ್ನಾಟಕಕ್ಕೂ ಹಬ್ಬಿತು. ತಾಲೂಕು ಕಚೇರಿಯ ಆಸುಪಾಸಿನಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ, ಗೊತ್ತಾದ ದಿನ ಹೆಣ್ಣುಮಕ್ಕಳು ಕೂಡುತ್ತಿದ್ದರು. ಬಹಳಷ್ಟು ಜನ ಶಾಲೆಯ ಮುಖ ಕಂಡವರಲ್ಲ. ಗಂಡ ಹೆಂಡಿರ ಎರಡೂ ಕಡೆಯ ಮಾತು ಕೇಳುತ್ತಿದ್ದರು, ಕಾನೂನು ಏನೆನ್ನುತ್ತದೆ ಎಂದು ಹೇಳುತ್ತಿದ್ದರು, ಒಪ್ಪಂದವನ್ನು ಛಾಪಾ ಕಾಗದದ ಮೇಲೆ ಬರೆಸುತ್ತಿದ್ದರು. ಬರೆಸಿ ಸುಮ್ಮನಾಗುತ್ತಿರಲಿಲ್ಲ, ಕೆಲವು ವಾರ ಬಿಟ್ಟು ಮನೆಗೆ ಹೋಗಿ ಹೆಣ್ಣುಮಗಳು ಹೇಗಿದ್ದಾಳೆ ನೋಡಿ ಬರುತ್ತಿದ್ದರು. ಯಾವ ನ್ಯಾಯಾಲಯವೂ ಮಾಡದ ಕೆಲಸ ಇದು. ಇವರಿಗೆ ಶಿಕ್ಷಿಸುವ ಅಧಿಕಾರ ಇರಲಿಲ್ಲ, ಇದ್ದದ್ದು ಊರಿನ ಕಣ್ಣು. ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ, ಜಿಲ್ಲಾ ಕೇಂದ್ರಕ್ಕೆ ಅಲೆದಾಟ ತಪ್ಪಿಸಿದ್ದರಿಂದ ಕೂಲಿಯ ಹೆಣ್ಣುಮಕ್ಕಳಿಗೆ ಇದು ಕೈಗೆಟುಕಿತು.

ಈ ಅನುಭವ ಕರ್ನಾಟಕದಲ್ಲೇ ಉಳಿಯಲಿಲ್ಲ. 1990ರ ದಶಕದ ಆರಂಭದಲ್ಲಿ ಶ್ರೀಲತಾ ಬಾಟ್ಲಿವಾಲಾ ದಕ್ಷಿಣ ಏಷ್ಯಾದ ಮಹಿಳಾ ಸಬಲೀಕರಣದ ಬಗ್ಗೆ ಬರೆದ ಪುಸ್ತಕ ಜಗತ್ತಿನಾದ್ಯಂತ ಓದಿಗೆ ಬಂತು. ವಿಶ್ವಸಂಸ್ಥೆಯ 1994ರ ಕೈರೋ ಜನಸಂಖ್ಯಾ ಸಮ್ಮೇಳನ, 1995ರ ಬೀಜಿಂಗ್ ಮಹಿಳಾ ಸಮ್ಮೇಳನಗಳ ಹೊತ್ತಿಗೆ ಸಬಲೀಕರಣ ಎಲ್ಲ ಸರ್ಕಾರಗಳ ಬಾಯಲ್ಲೂ ಇತ್ತು. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 1993ರಲ್ಲಿ. ಬೀದರ್, ಮೈಸೂರು, ವಿಜಾಪುರದ ಸಂಘಗಳು ಆಗಲೇ ನಾಲ್ಕು ವರ್ಷ ಅದೇ ಕೆಲಸ ಮಾಡಿ ಪಳಗಿದ್ದವು.

ಇದೇ ವರ್ಷಗಳಲ್ಲಿ ಈಗಿನ ಜಿಲ್ಲೆಯ ದಕ್ಷಿಣ ಅಂಚಿನಲ್ಲಿ ಇನ್ನೊಂದು ಬಗೆಯ ಹಕ್ಕಿನ ಪ್ರಶ್ನೆ ಎದ್ದಿತ್ತು. ಆಲಮಟ್ಟಿ ಆಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟಿದ್ದರು. ನೀರು ನಿಲ್ಲುವ ಕಾಲ ಬಂದಾಗ ಬಸವನ ಬಾಗೇವಾಡಿ ತಾಲೂಕಿನ ನದಿದಂಡೆಯ ಊರುಗಳು ಏಳಬೇಕಾಯಿತು. ಆ ಆಣೆಕಟ್ಟು ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕು ಪುನರ್ವಸತಿಯ ಷರತ್ತು ಹಾಕಿತ್ತು; ಕೆಲಸ ಹಿಂದೆ ಬಿದ್ದಾಗ 1990ರ ದಶಕದಲ್ಲಿ ಎರಡು ಸಲ ಹಣ ತಡೆಹಿಡಿಯಿತು. ಸಂತ್ರಸ್ತರ ನಡುವೆ ಕೆಲಸ ಮಾಡಲು ಸರ್ಕಾರ ಕರೆಸಿಕೊಂಡ ಸ್ವಯಂಸೇವಾ ಸಂಸ್ಥೆ ಮೈರಾಡ. ಅದು ಹುಟ್ಟಿದ್ದೇ 1968ರಲ್ಲಿ, ಟಿಬೆಟಿನ ನಿರಾಶ್ರಿತರಿಗೆ ಕರ್ನಾಟಕದಲ್ಲಿ ನೆಲೆ ಕಟ್ಟಿಕೊಡಲು. ದೇಶ ಕಳೆದುಕೊಂಡವರ ಜೊತೆ ಕಲಿತ ಪಾಠವನ್ನು ಆ ಸಂಸ್ಥೆ ಹೊಲ ಕಳೆದುಕೊಂಡವರ ನಡುವೆ ತಂದಿತು. ಆದರೆ ಪರಿಹಾರದ ಚೆಕ್ಕು ಬರುತ್ತಿದ್ದುದು ಗಂಡಸರ ಹೆಸರಿಗೆ. ಕೈಗೆ ಬಂದ ರೊಕ್ಕ ಹೊಸ ಹೊಲವಾಗುವ ಮೊದಲೇ ಕರಗಿದ ಮನೆಗಳು ಕೃಷ್ಣೆಯ ಎರಡೂ ದಂಡೆಯಲ್ಲಿವೆ. ಹಕ್ಕನ್ನು ಪರಿಹಾರವಾಗಿ ಕೊಡುವುದಕ್ಕೂ, ಹಕ್ಕು ಕೇಳುವವರನ್ನು ಒಗ್ಗೂಡಿಸುವುದಕ್ಕೂ ಎಷ್ಟು ದೂರವಿದೆ ಎಂದು ತಿಳಿಯಲು ಒಂದೇ ದಶಕದ ಈ ಎರಡು ಅನುಭವಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ರಾಜ್ಯ ಸರ್ಕಾರದ ಸ್ವಂತ ಹಣವೂ ಆ ಹೊತ್ತಿಗೆ ಈ ಕಡೆ ಹರಿಯತೊಡಗಿತ್ತು. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1987ರಲ್ಲಿ. ಅದರ ಮೂಲಕ 1993-94ರಲ್ಲಿ ನಡೆದ ಸಮೀಕ್ಷೆಯಲ್ಲಿ 22,873 ದೇವದಾಸಿಯರ ಹೆಸರು ದಾಖಲಾಯಿತು. 2007-08ರ ಎರಡನೇ ಸಮೀಕ್ಷೆಯಲ್ಲಿ ಇನ್ನೂ 23,787. ಒಟ್ಟು 46,660. ಉತ್ತರ ಕರ್ನಾಟಕದ ಜಿಲ್ಲೆಗಳದೇ ಸಿಂಹಪಾಲು, ವಿಜಾಪುರವೂ ಅದರಲ್ಲೊಂದು. ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ನಿಗಮ ಮತ್ತು ಮೈರಾಡ ಸೇರಿ ಮಾಡಿದ ಕೆಲಸದಿಂದ ಮಾಜಿ ದೇವದಾಸಿಯರದೇ ಒಂದು ಸಂಸ್ಥೆ ಹೊರಬಂತು: ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣ ಸಂಸ್ಥೆ, ಜನರ ಬಾಯಲ್ಲಿ ಮಾಸ್. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡು, ಮುಂದೆ ಆ ಸಂಸ್ಥೆಯ ಚುಕ್ಕಾಣಿ ಹಿಡಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸರ್ಕಾರದ ಹಣ ಕೆಲವು ವರ್ಷ ಹೋಗಿ, ಆಮೇಲೆ ಹೆಣ್ಣುಮಕ್ಕಳೇ ನಡೆಸಿಕೊಂಡು ಹೋದ ಉದಾಹರಣೆ ಬೇಕೆಂದವರು ದೂರ ಹುಡುಕಬೇಕಾಗಿಲ್ಲ.

2003ರಲ್ಲಿ ದೆಹಲಿಯ ಒಂದು ತೀರ್ಮಾನ ಲೆಕ್ಕ ಬದಲಿಸಿತು. ಭಾರತ ಇನ್ನು ಸಣ್ಣ ದೇಶಗಳಿಂದ ಸರ್ಕಾರಿ ನೆರವು ಪಡೆಯುವುದಿಲ್ಲ, ಅಮೆರಿಕ, ಬ್ರಿಟನ್, ಜಪಾನ್, ಜರ್ಮನಿ, ರಷ್ಯಾ ಮತ್ತು ಯುರೋಪಿಯನ್ ಒಕ್ಕೂಟದಿಂದ ಮಾತ್ರ ಎಂದು ಕೇಂದ್ರ ಪ್ರಕಟಿಸಿತು. ನೆದರ್ಲೆಂಡ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ. ದೇಶ ತನ್ನ ಕಾಲ ಮೇಲೆ ನಿಂತಿದೆ ಎಂದು ಜಗತ್ತಿಗೆ ತೋರಿಸುವ ಹೆಮ್ಮೆ ಆ ತೀರ್ಮಾನದ ಹಿಂದಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಗುರಿ ಕೇಳದೆ ಹದಿನಾಲ್ಕು ವರ್ಷ ಹಣ ಕೊಟ್ಟ ದಾನಿ ಹೊರಟ ಮೇಲೆ ಅದೇ ಸಹನೆ ಬೇರೆಯವರಲ್ಲಿ ಸಿಗಬೇಕಿತ್ತು. ಕೆಲಕಾಲದ ನಂತರ ಬ್ರಿಟನ್ ಸರ್ಕಾರದ ಅಂತರರಾಷ್ಟ್ರೀಯ ಅಭಿವೃದ್ಧಿ ಇಲಾಖೆ ಸಮಖ್ಯಾಕ್ಕೆ ನೆರವಾಯಿತು. ಮುಂದೆ ಯೋಜನೆ ಹನ್ನೊಂದು ರಾಜ್ಯಗಳ ನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿತು. 2012ರಲ್ಲಿ ಬ್ರಿಟನ್ನೂ ಭಾರತಕ್ಕೆ ಕೊಡುವ ಆರ್ಥಿಕ ನೆರವನ್ನು 2015ಕ್ಕೆ ಮುಗಿಸುವುದಾಗಿ ಹೇಳಿತು.

ಆಮೇಲೆ ಉಳಿದದ್ದು ಕೇಂದ್ರದ ಸ್ವಂತ ಹಣ. 2016ರ ಹೊತ್ತಿಗೆ ಅದೂ ನಿಂತಿತು. ಗ್ರಾಮೀಣ ಜೀವನೋಪಾಯ ಅಭಿಯಾನದೊಳಗೆ ಈ ಕೆಲಸವನ್ನು ಸೇರಿಸಬಹುದು ಎಂಬುದು ಸರ್ಕಾರದ ವಾದ. ಮೇಲ್ನೋಟಕ್ಕೆ ಎರಡರಲ್ಲೂ ಮಹಿಳಾ ಸಂಘಗಳೇ. ಆದರೆ ಜೀವನೋಪಾಯದ ಸಂಘ ಉಳಿತಾಯ ಮತ್ತು ಸಾಲದ ಮೇಲೆ ನಿಂತದ್ದು. ಕರ್ನಾಟಕದಲ್ಲಿ 2000-01ರ ಸ್ತ್ರೀಶಕ್ತಿ ಯೋಜನೆಯಿಂದಲೇ ಅಂಥ ಸಂಘಗಳು ಊರೂರಿಗೆ ಬಂದಿದ್ದವು, ಬಡ್ಡಿಯ ಸಾಹುಕಾರರ ಹಿಡಿತ ಸಡಿಲಿಸಿದ ಅವುಗಳ ಉಪಕಾರ ದೊಡ್ಡದು. ಅಲ್ಲಿ ಸಭೆಯ ಮೊದಲ ಕೆಲಸ ಕಂತು ಎಣಿಸುವುದು. ಕಂತು ತುಂಬದವಳು ಸಭೆಗೆ ಬರಲು ನಾಚುತ್ತಾಳೆ. ರಾತ್ರಿ ಹೊಡೆತ ತಿಂದು ಕೂಲಿಗೆ ಹೋಗಲಾಗದವಳೇ ಕಂತು ತುಂಬದವಳೂ ಆಗಿರುತ್ತಾಳೆ. ಹಣಕಾಸು ಇಲಾಖೆಯ ಲೆಕ್ಕದಲ್ಲಿ ಒಂದಾಗಿ ಕಂಡ ಎರಡು ಸಂಘಗಳು ಕೇರಿಯಲ್ಲಿ ಒಂದೇ ಆಗಿರಲಿಲ್ಲ. ಕಾಲು ಶತಮಾನ ದುಡಿದ ಸಹಯೋಗಿನಿಯರಿಗೆ ನಿವೃತ್ತಿ ವೇತನವೂ ಇರಲಿಲ್ಲ, ಬೇರೆ ಹುದ್ದೆಯ ಭರವಸೆಯೂ ಇರಲಿಲ್ಲ. ಸರ್ಕಾರವೇ ಹುಟ್ಟಿಸಿದ ಹಕ್ಕಿನ ಯೋಜನೆಯೊಂದು ತನ್ನ ಕೆಲಸಗಾರ್ತಿಯರ ಹಕ್ಕಿನ ವಿಷಯದಲ್ಲಿ ಹೀಗೆ ಸೋತದ್ದು ಈ ಚರಿತ್ರೆಯ ನೋವಿನ ಭಾಗ.

ಹೊರದೇಶದ ಹಣ ಸ್ವಯಂಸೇವಾ ಸಂಸ್ಥೆಗಳ ದಾರಿಯಿಂದ ಬರಲಿ ಎಂದರೆ ಆ ದಾರಿಯೂ ಕಿರಿದಾಗುತ್ತಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಬಂದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನು 2010ರಲ್ಲಿ ಹೊಸದಾಗಿ ಬರೆದರು, 2020ರಲ್ಲಿ ತಿದ್ದಿದರು. ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಆಡಳಿತ ವೆಚ್ಚ ಶೇ 50ರ ಬದಲು ಶೇ 20 ಮೀರುವಂತಿಲ್ಲ. ಖಾತೆ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಇರಬೇಕು. ದೊಡ್ಡ ಸಂಸ್ಥೆಗಳು ವಕೀಲರನ್ನೂ ಲೆಕ್ಕಿಗರನ್ನೂ ಇಟ್ಟುಕೊಂಡು ಇದನ್ನು ನಿಭಾಯಿಸಬಲ್ಲವು. ಬೆಂಗಳೂರಿನ ಸಂಸ್ಥೆಯಿಂದ ಅಷ್ಟಿಷ್ಟು ಪಡೆದು ಸಿಂದಗಿಯಲ್ಲೋ ಇಂಡಿಯಲ್ಲೋ ಕೆಲಸ ಮಾಡುವ ಸಣ್ಣ ಗುಂಪಿಗೆ ಮೊದಲ ನಿಯಮವೇ ಬಾಗಿಲು ಮುಚ್ಚಿತು. ಹಕ್ಕಿನ ಕೆಲಸದಲ್ಲಿ ಆಡಳಿತ ವೆಚ್ಚವೆಂದರೆ ಬಹುಪಾಲು ಮನುಷ್ಯರ ಸಂಬಳ, ಓಡಾಟ. ಹಂಚಲು ಅಕ್ಕಿಮೂಟೆ ಇರುವುದಿಲ್ಲ.

ಬ್ರಿಟನ್ನಿನ ಹಣ ಇನ್ನೊಂದು ದಾರಿಯಿಂದಲೂ ಜಿಲ್ಲೆಗೆ ಬಂದಿತ್ತು. ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ನಿಯಂತ್ರಣ ಸೊಸೈಟಿ ಸೇರಿ 2003ರಲ್ಲಿ ಕಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಾಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಮತಾ ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಬಿಡದಂತೆ, ಬಾಲ್ಯವಿವಾಹಕ್ಕೆ ಸಿಗದಂತೆ ನೋಡಿಕೊಳ್ಳುವುದು ಉದ್ದೇಶ. ಎಂಬತ್ತು ಹಳ್ಳಿಗಳನ್ನು ಆರಿಸಿ, ಅರ್ಧದಲ್ಲಿ ಕೆಲಸ ಮಾಡಿ ಅರ್ಧವನ್ನು ಹೋಲಿಕೆಗೆ ಬಿಟ್ಟು, ಮೂರು ವರ್ಷದ ಮೇಲೆ ಅಳೆದರು. ಒಟ್ಟಾರೆಯಾಗಿ ಎರಡು ಗುಂಪಿನ ಹಳ್ಳಿಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ಬೆಲೆಯಿದೆ. ಜೊತೆಗೆ ಒಂದು ಮಾತು ಹೇಳಲೇಬೇಕು: ಸಂಘ ಕಟ್ಟುವ ಕೆಲಸದ ಫಲವನ್ನು ಮೂರು ವರ್ಷಕ್ಕೆ ತೂಗುವುದು ಆತುರ. ಸಮಖ್ಯಾದ ಸಹಯೋಗಿನಿ ಮೂರನೇ ವರ್ಷದ ಹೊತ್ತಿಗೆ ಇನ್ನೂ ನಂಬಿಕೆ ಗಳಿಸುತ್ತಿದ್ದಳು. 2011ರ ಜನಗಣತಿಯಲ್ಲಿ ರಾಜ್ಯದ ಹೆಣ್ಣುಮಕ್ಕಳ ಸಾಕ್ಷರತೆ ಶೇ 68 ಇದ್ದರೆ ಈ ಜಿಲ್ಲೆಯಲ್ಲಿ ಸುಮಾರು ಶೇ 57. ಇಷ್ಟು ಹಳೆಯ ಅಂತರವನ್ನು ತುಂಬಲು ದಾನಿಗಳ ಯೋಜನಾ ಅವಧಿ ಸಾಲುವುದಿಲ್ಲ.

ದಾನಿಗಳ ಲೋಕವೇ ಈಗ ಕುಗ್ಗುತ್ತಿದೆ. ಬ್ರಿಟನ್ ತನ್ನ ಅಭಿವೃದ್ಧಿ ಇಲಾಖೆಯನ್ನು 2020ರಲ್ಲಿ ವಿದೇಶಾಂಗ ಕಚೇರಿಯೊಳಗೆ ಕರಗಿಸಿತು. ಕರ್ನಾಟಕದಲ್ಲಿ ಹಿಂದೊಮ್ಮೆ ಏಡ್ಸ್ ಪೀಡಿತರ ಆರೈಕೆಗೆ ಹಣ ಕೊಟ್ಟಿದ್ದ ಅಮೆರಿಕದ ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. ಇನ್ನು ಇಂಡಿಯ ಕೇರಿಗೆ ಹೇಗ್‌ನಿಂದಲೋ ಲಂಡನ್ನಿನಿಂದಲೋ ಹಣ ಬರುತ್ತದೆಂದು ಕಾಯುವಂತಿಲ್ಲ. ಬೆಂಗಳೂರು, ದೆಹಲಿಗಳೇ ಕೊಡಬೇಕು, ಕೊಡುವ ಶಕ್ತಿಯೂ ಅವಕ್ಕಿದೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯಡಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳುತ್ತಿದೆ. ಬರದ ಸೀಮೆಯ ಮನೆಯಲ್ಲಿ ಅದು ಔಷಧಿಯ, ಮಕ್ಕಳ ಪುಸ್ತಕದ ರೊಕ್ಕ. ಅದನ್ನು ಹಗುರವಾಗಿ ಮಾತಾಡುವವರು ಆ ಮನೆಯ ಒಲೆ ನೋಡಿದವರಲ್ಲ. ಆದರೆ ಅದು ಒಬ್ಬೊಬ್ಬಳಿಗೆ ಮುಟ್ಟುವ ಹಣ. ನಾಲ್ಕು ಹೆಣ್ಣುಮಕ್ಕಳು ಕೂತು ಮಾತಾಡಲು, ಅವರ ನಡುವೆ ಓಡಾಡುವ ಒಬ್ಬ ಸಹಯೋಗಿನಿಯ ಸಂಬಳಕ್ಕೆ ಬಜೆಟ್ಟಿನಲ್ಲಿ ಮತ್ತೆ ಶೀರ್ಷಿಕೆ ಇಲ್ಲದಂತಾಗಿದೆ. ಕೇಂದ್ರದ ಮಿಷನ್ ಶಕ್ತಿಯಲ್ಲಿ ನಾರಿ ಅದಾಲತ್ ಹೆಸರು ಮರಳಿ ಬಂದಿದೆ, ಅಸ್ಸಾಂ ಮತ್ತು ಜಮ್ಮು ಕಾಶ್ಮೀರದ ಪಂಚಾಯಿತಿಗಳಲ್ಲಿ ಮೊದಲ ಪ್ರಯೋಗ ನಡೆದಿದೆ. ಅದನ್ನು ಸಮಖ್ಯಾದ ಕಾಲದಲ್ಲೇ ನಡೆಸಿ ಪಳಗಿದ ಊರುಗಳು ಇಲ್ಲಿವೆ, ನಡೆಸಿದ ಹೆಣ್ಣುಮಕ್ಕಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

2025ರಲ್ಲಿ ರಾಜ್ಯದ ವಿಧಾನಮಂಡಲ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ತಂದೆ ಯಾರೆಂದು ಗುರುತಿಸಿಕೊಳ್ಳುವ, ಆತನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಅದು ದೇವದಾಸಿಯರ ಮಕ್ಕಳಿಗೆ ಕೊಡುತ್ತದೆ. ಹಳೆಯ ಎರಡು ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋದವರು ಹೊಸ ಎಣಿಕೆಗಾಗಿ ವರ್ಷಗಟ್ಟಲೆ ಧರಣಿ ಕೂತಿದ್ದರು. ಪಟ್ಟಿಯಲ್ಲಿ ಇಲ್ಲದವರಿಗೆ ಮಾಸಾಶನವಿಲ್ಲ, ಮನೆಯಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ತಂದೆಯ ಹೆಸರನ್ನು ಒಬ್ಬ ಮಗಳು ಅರ್ಜಿಯಲ್ಲಿ ಬರೆಯಬೇಕಾದ ದಿನ ಬಂದಾಗ, ಆಕೆಯ ಜೊತೆ ಮುದ್ದೇಬಿಹಾಳದ ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತಲು ಯಾರಿರುತ್ತಾರೆ ಎಂಬುದನ್ನೂ, ಅವರ ಬಸ್ಸಿನ ರೊಕ್ಕ ಯಾವ ಬಾಬತ್ತಿನಿಂದ ಎಂಬುದನ್ನೂ ಬರೆಯುವುದು ಈಗ ರಾಜ್ಯದ ಮುಂದಿನ ಬಜೆಟ್ಟಿನ ಕೆಲಸ.